ಡಿಕ್ಕಿ ತಡೆಯುವ ಯಂತ್ರಕ್ಕೆ ಜಗಳೂರಿನ ರಸ್ತೆಯಲ್ಲೂ ಪರೀಕ್ಷೆಯಾಗಲಿ

ಮುಂದೆ ಅಡ್ಡಿ ಕಂಡರೆ ಚಾಲಕನನ್ನು ಎಚ್ಚರಿಸುವ, ಅವನು ಬ್ರೇಕ್ ತುಳಿಯದಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಹೊಸ ಬಸ್ಸು, ಲಾರಿಗಳಲ್ಲಿ ಕಡ್ಡಾಯಗೊಳಿಸಲು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಕರಡು ಅಧಿಸೂಚನೆ ಹೊರಡಿಸಿತು. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನಗಳು ಮತ್ತು ಮೂರೂವರೆ ಟನ್ ಮೀರಿದ ಸರಕು ವಾಹನಗಳು ಅದರ ವ್ಯಾಪ್ತಿಗೆ ಬರುತ್ತವೆ. ತುರ್ತು ಬ್ರೇಕ್ ಜೊತೆಗೆ, ಚಾಲಕ ತೂಕಡಿಸಿದರೆ ಎಚ್ಚರಿಸುವ ಮತ್ತು ವಾಹನ ತನ್ನ ಪಥದಿಂದ ಆಚೆ ಸರಿದರೆ ಸದ್ದು ಮಾಡುವ ಸಾಧನಗಳೂ ಅದರಲ್ಲಿವೆ. ಹೊಸ ಮಾದರಿಗಳಿಗೆ 2026ರ ಏಪ್ರಿಲ್, ಆಗಲೇ ತಯಾರಾಗುತ್ತಿದ್ದ ಮಾದರಿಗಳಿಗೆ 2026ರ ಅಕ್ಟೋಬರ್ ಎಂದು ಕರಡಿನಲ್ಲಿ ಗಡುವು ಸೂಚಿಸಲಾಗಿತ್ತು.

ಈ ಬಗೆಯ ನಿಯಮದ ಸುತ್ತ ಎರಡು ವಾದಗಳು ಗಟ್ಟಿಯಾಗಿ ಕೇಳಿಬರುತ್ತವೆ. ನಮ್ಮ ರಸ್ತೆಗಳಿಗೆ ಇವೆಲ್ಲ ಹೊಂದುವುದಿಲ್ಲ, ಸುಮ್ಮನೆ ಖರ್ಚು ಎಂಬುದು ಒಂದು. ಯಂತ್ರ ಬಂದರೆ ಸಾವು ತಾನಾಗಿ ಇಳಿಯುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು. ನಿಯಮ ಬೇಕು, ಅದು ತಡವಾಗಲೂಬಾರದು. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರಸ್ತೆಗಳಲ್ಲಿ ಜನ ಯಾವುದಕ್ಕೆ ಗುದ್ದಿ ಸಾಯುತ್ತಾರೋ ಅದನ್ನೇ ಮುಂದಿಟ್ಟು ಪರೀಕ್ಷಿಸದ ಯಂತ್ರಕ್ಕೆ ‘ಉತ್ತೀರ್ಣ’ ಎಂಬ ಮುದ್ರೆ ಒತ್ತುವುದು ಈ ತಾಲ್ಲೂಕುಗಳ ಜನರಿಗೆ ಮಾಡುವ ಅನ್ಯಾಯ.

ಖರ್ಚಿನ ವಾದಕ್ಕೆ ಉತ್ತರ ದೂರದಲ್ಲಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿ ಕಡೆಯವರು, ಅಂದರೆ ಹೊನ್ನಾಳಿ, ಚನ್ನಗಿರಿಗಳ ನೆರೆಯವರು. ನೇರ ಹೆದ್ದಾರಿ, ಮುಂದೆ ನಿಂತ ದೊಡ್ಡ ಲೋಹದ ವಾಹನ, ನಿದ್ದೆಯ ಹೊತ್ತು. ತುರ್ತು ಬ್ರೇಕ್ ವ್ಯವಸ್ಥೆ ಹುಟ್ಟಿದ್ದೇ ಇಂಥ ಗಳಿಗೆಗಾಗಿ. ಡಿಕ್ಕಿ ಪೂರ್ತಿ ತಪ್ಪದಿದ್ದರೂ ವೇಗ ಗಂಟೆಗೆ 30 ಕಿ.ಮೀ. ಇಳಿದಿದ್ದರೆ ಒಳಗಿದ್ದವರಲ್ಲಿ ಕೆಲವರಾದರೂ ಉಳಿಯುವ ಅವಕಾಶವಿತ್ತು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಐಐಎಚ್‌ಎಸ್ ನಡೆಸಿದ ಅಧ್ಯಯನಗಳ ಪ್ರಕಾರ, ಈ ವ್ಯವಸ್ಥೆ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿದೆ. ಭಾರತದಲ್ಲಿ 2023ರಲ್ಲಿ 1,72,890 ಜನ ರಸ್ತೆಯಲ್ಲಿ ಸತ್ತರು, ಕರ್ನಾಟಕವೊಂದರಲ್ಲೇ 12 ಸಾವಿರಕ್ಕೂ ಹೆಚ್ಚು. ಇಷ್ಟು ಸಾವಿನ ಮುಂದೆ ಯಂತ್ರದ ಬೆಲೆಯನ್ನು ನೆಪ ಮಾಡುವುದು ಸಲ್ಲದು.

ಇನ್ನೊಂದು ದುರಂತ ಎರಡನೇ ವಾದಕ್ಕೆ ಉತ್ತರ ಕೊಡುತ್ತದೆ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ಗೋವಾಕ್ಕೆ ಹೊರಟಿದ್ದ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಮುಖಾಮುಖಿಯಾಗಿ 11 ಮಂದಿ ಸತ್ತರು. ಬಹುತೇಕರು ದಾವಣಗೆರೆಯ ಮಹಿಳೆಯರು. ಆಗ ಹುಬ್ಬಳ್ಳಿ–ಧಾರವಾಡ ಬೈಪಾಸ್‌ಗೆ ಇದ್ದುದು ಎರಡೇ ಪಥ, ನಡುವೆ ವಿಭಜಕವಿರಲಿಲ್ಲ. ಎರಡು ಕಡೆಯಿಂದಲೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ವಾಹನಗಳ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್‌ನಂತೆ ಕರಗುತ್ತದೆ. ಅಷ್ಟರಲ್ಲಿ ಯಂತ್ರ ಗುರುತಿಸಿ, ನಿರ್ಧರಿಸಿ, ಬ್ರೇಕ್ ಹಾಕಿದರೂ ಎದುರಿನ ವಾಹನದ ವೇಗ ಹಾಗೇ ಇರುತ್ತದೆ. ಅಲ್ಲಿ ಜೀವ ಉಳಿಸಬೇಕಿದ್ದದ್ದು ವಿಭಜಕ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಮಗುಚಿ ಬಿದ್ದು, ಸುರಕ್ಷತೆಗೆ ಹೆಸರಾದ ವೋಲ್ವೊ ಕಾರಿನಲ್ಲಿದ್ದ ಒಂದೇ ಕುಟುಂಬದ ಆರು ಮಂದಿ ಸತ್ತಾಗಲೂ ಇದೇ ಪಾಠ ಸಿಕ್ಕಿತು. ಪಕ್ಕದಿಂದ ಮೇಲೆ ಬೀಳುವ ಲಾರಿಯನ್ನು ಯಾವ ರೇಡಾರ್ ತಡೆಯುತ್ತದೆ?

ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ ಅದು ಎಲ್ಲಿ ಸೋಲುತ್ತದೆ ಎಂಬುದೂ ತಿಳಿಯುತ್ತದೆ. ವಾಹನದ ಮುಂಭಾಗದ ರೇಡಾರ್ ರೇಡಿಯೊ ಅಲೆಗಳನ್ನು ಕಳುಹಿಸಿ, ಮರಳಿ ಬಂದದ್ದರಿಂದ ಅಂತರ ಮತ್ತು ವೇಗವನ್ನು ಲೆಕ್ಕ ಹಾಕುತ್ತದೆ. ಲೋಹ ಅಲೆಯನ್ನು ಚೆನ್ನಾಗಿ ಮರಳಿಸುತ್ತದೆ. ಹುಲ್ಲು, ಕಾಳು, ಕಬ್ಬಿನ ಸೋಗೆ ಅಷ್ಟು ಚೆನ್ನಾಗಿ ಮರಳಿಸುವುದಿಲ್ಲ. ರಸ್ತೆಬದಿಯ ಫಲಕ, ಸೇತುವೆಯ ಕಂಬಗಳಿಗೆಲ್ಲ ಬೆದರಿ ಬ್ರೇಕ್ ಹಾಕದಿರಲೆಂದು, ನಿಂತ ವಸ್ತುಗಳ ವಿಷಯದಲ್ಲಿ ಅನೇಕ ವ್ಯವಸ್ಥೆಗಳು ರೇಡಾರ್ ಒಂದನ್ನೇ ನಂಬದೆ ಗಾಜಿನ ಹಿಂದಿನ ಕ್ಯಾಮೆರಾದ ಸಾಕ್ಷ್ಯಕ್ಕೂ ಕಾಯುತ್ತವೆ. ಕ್ಯಾಮೆರಾ ಹಿಂದಿನ ಗಣಕ ಲಕ್ಷಾಂತರ ಚಿತ್ರಗಳಿಂದ ಕಲಿತದ್ದನ್ನು ಮಾತ್ರ ಸರಿಯಾಗಿ ಗುರುತಿಸುತ್ತದೆ. ಕಲಿಯದ್ದು ಎದುರಾದರೆ ತಡವಾಗಿ ಗುರುತಿಸುತ್ತದೆ, ಇಲ್ಲವೇ ಗುರುತಿಸುವುದೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ಇದು ಬಯಲಾಯಿತು. ಸ್ವೀಡನ್ನಿನ ಕಡವೆಗಳ ಮೇಲೆ ಪಳಗಿದ ವೋಲ್ವೊದ ಪ್ರಾಣಿ ಗುರುತಿಸುವ ವ್ಯವಸ್ಥೆ ಕಾಂಗರೂಗಳ ಮುಂದೆ ಗೊಂದಲಕ್ಕೆ ಬೀಳುತ್ತದೆ ಎಂದು ಕಂಪನಿಯೇ 2017ರಲ್ಲಿ ಒಪ್ಪಿಕೊಂಡಿತು. ಕಾಂಗರೂ ನೆಗೆದಾಗ ಅದು ನೆಲದಿಂದ ಮೇಲಿರುವುದರಿಂದ ಅಂತರದ ಲೆಕ್ಕ ತಪ್ಪುತ್ತಿತ್ತು. ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗೆಂದೇ ಮೀಸಲಾದ ರಂಗಯ್ಯನದುರ್ಗ ಅಭಯಾರಣ್ಯವಿದೆ. ಆ ಸೀಮೆಯ ರಸ್ತೆಗಳಲ್ಲಿ ಕುರಿ ಹಿಂಡು ಅಂಚಿನಿಂದ ಅಂಚಿಗೆ ತುಂಬಿಕೊಂಡು ಸಾಗುತ್ತದೆ, ಕಂಬಳಿ ಹೊದ್ದ ಕುರಿಗಾಹಿ ಹಿಂದೆ ನಡೆಯುತ್ತಾನೆ. ಹಿಂಡನ್ನು ಒಂದು ವಸ್ತುವೆಂದು ಎಣಿಸಬೇಕೇ, ನೂರು ವಸ್ತುಗಳೆಂದೇ? ಕಂಬಳಿ ಹೊದ್ದವನು ಮನುಷ್ಯ ಎಂದು ಮುಸ್ಸಂಜೆಯ ಬೆಳಕಿನಲ್ಲಿ ಕ್ಯಾಮೆರಾಕ್ಕೆ ಗೊತ್ತಾಗುತ್ತದೆಯೇ? ಇದಕ್ಕೆ ಉತ್ತರವನ್ನು ಪರೀಕ್ಷೆಯಿಂದಲೇ ಪಡೆಯಬೇಕು, ಕಂಪನಿಯ ಭರವಸೆಯಿಂದಲ್ಲ.

ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಸುಗ್ಗಿಯಲ್ಲಿ ಬರುತ್ತದೆ. ಮೆಕ್ಕೆಜೋಳ, ರಾಗಿ, ಭತ್ತ, ಹುರುಳಿ ಕೊಯ್ಲಿಗೆ ಬಂದಾಗ ಡಾಂಬರು ರಸ್ತೆಯೇ ಕಣವಾಗುತ್ತದೆ. ರಾಗಿ, ಹುರುಳಿಯನ್ನು ವಾಹನಗಳು ತುಳಿಯಲೆಂದು ಹಾಸುತ್ತಾರೆ, ಮೆಕ್ಕೆಜೋಳವನ್ನು ಒಣಗಲೆಂದು ಅರ್ಧ ರಸ್ತೆಗೆ ಹರಡುತ್ತಾರೆ. ಕಾಳಿನ ಮೇಲೆ ಚಕ್ರ ಹರಿಯಬಾರದೆಂದು ಅಂಚಿಗೆ ಕಲ್ಲು ಜೋಡಿಸುತ್ತಾರೆ. ಸಂಜೆ ರಾಶಿ ಮಾಡಿ ಕಪ್ಪು ತಾಡಪಾಲು ಮುಚ್ಚಿದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ಜಿಲ್ಲಾಡಳಿತಗಳು ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಸುಗ್ಗಿ ಬಂದಾಗ ಎಚ್ಚರಿಸುತ್ತವೆ, ಒಕ್ಕಣೆ ನಡೆಯುತ್ತಲೇ ಇರುತ್ತದೆ. ರೈತನನ್ನು ಬೈದು ಪ್ರಯೋಜನವಿಲ್ಲ. ಒದ್ದೆ ಮೆಕ್ಕೆಜೋಳಕ್ಕೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ, ಅಕಾಲದ ಮಳೆಯ ಭಯ ಬೇರೆ, ಮನೆಯ ಕಣಗಳು ಎಂದೋ ನಿವೇಶನಗಳಾಗಿವೆ. ಬೇಗ ಬಿಸಿಯೇರುವ, ಮಣ್ಣು ಬೆರೆಯದ ಜಾಗ ಅವನಿಗೆ ಬೇರೆಲ್ಲೂ ಸಿಗುವುದಿಲ್ಲ.

ಯಂತ್ರಕ್ಕೆ ಇಲ್ಲಿ ಸವಾಲು ಎರಡು ಪಟ್ಟು. ಕಪ್ಪು ರಸ್ತೆಯ ಮೇಲಿನ ಕಪ್ಪು ತಾಡಪಾಲಿನ ರಾಶಿ ರಾತ್ರಿ ಕ್ಯಾಮೆರಾಕ್ಕೆ ಸುಲಭವಾಗಿ ಕಾಣುವುದಿಲ್ಲ, ರೇಡಾರ್‌ಗೆ ಮರಳುವ ಸಂಕೇತವೂ ದುರ್ಬಲ. ಕಂಡಿತೆಂದೇ ಇಟ್ಟುಕೊಂಡರೂ ಬ್ರೇಕ್ ಬಿದ್ದಾಗ ಟೈರಿನ ಕೆಳಗೆ ಇರುವುದು ಕಾಳು. ಒಣ ಡಾಂಬರಿನಲ್ಲಿ ಗಂಟೆಗೆ 80 ಕಿ.ಮೀ. ವೇಗದ ವಾಹನ ಜೋರು ಬ್ರೇಕ್‌ಗೆ ಸುಮಾರು 40 ಮೀಟರ್‌ನಲ್ಲಿ ನಿಲ್ಲಬಹುದು. ಉರುಳುವ ಕಾಳಿನ ಮೇಲೆ ಹಿಡಿತ ಕುಸಿದು ಆ ದೂರ ಬಹಳ ಹೆಚ್ಚುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಸಡಿಲ ಹಾಸಿನ ಮೇಲೆ ನಿಲ್ಲುವ ದೂರವನ್ನು ಕಡಿಮೆ ಮಾಡಲಾರದು. ಬೈಕ್ ಸವಾರನ ಪಾಡು ಇನ್ನೂ ಕಷ್ಟ, ಅವನಿಗೆ ಬ್ರೇಕ್ ಹಿಡಿದರೇ ಅಪಾಯ. ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರದು. ಅವರ ವಾಹನಕ್ಕೆ ಈ ಕರಡು ಅನ್ವಯಿಸುವುದೇ ಇಲ್ಲ. ಬಸ್ಸು, ಲಾರಿಯ ಯಂತ್ರ ಅವರನ್ನು ಕಾಣಬೇಕು ಎಂಬುದಷ್ಟೇ ಅವರಿಗೆ ಉಳಿದಿರುವ ರಕ್ಷಣೆ.

ಹೊನ್ನಾಳಿ, ನ್ಯಾಮತಿ ಕಡೆ ಕಬ್ಬು, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಾತ್ರಿ ಸಂಚರಿಸುತ್ತವೆ. ಹಿಂದೆ ದೀಪವಿರುವುದು ಅಪರೂಪ, ಪ್ರತಿಫಲಕವಿದ್ದರೆ ಅದರ ಮೇಲೆ ಕೆಸರು ಅಥವಾ ಸೋಗೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಕೂಲಿಯಾಳುಗಳು ಲಗೇಜ್ ಆಟೊಗಳ ಹಿಂದೆ ನಿಂತು ಹೋಗುತ್ತಾರೆ. ಹಿಂದಿನಿಂದ ನೋಡಿದರೆ ವಾಹನದ ಆಕಾರವೇ ಮರೆಯಾಗಿರುತ್ತದೆ. ಭಾರಿ ವಾಹನಗಳ ತುರ್ತು ಬ್ರೇಕ್‌ಗೆ ವಿಶ್ವಸಂಸ್ಥೆಯ 131ನೇ ನಿಯಮ ಮೂಲ ಮಾದರಿ, ಭಾರತದ ಎಐಎಸ್-162 ಮಾನದಂಡ ಅದೇ ಜಾಡಿನದು. ಆ ಪರೀಕ್ಷೆ ಮೂಲದಲ್ಲಿ ಮುಂದಿಡುವ ಗುರಿ ಸಾಮಾನ್ಯ ಕಾರಿನ ಹಿಂಭಾಗ, ಅಥವಾ ಅದರಂತೆ ಕಾಣುವ ಮೆತ್ತನೆಯ ಬೊಂಬೆ. ಕಾರಿನ ಹಿಂಭಾಗವನ್ನು ಗುರುತಿಸಿ ಉತ್ತೀರ್ಣವಾದ ಲಾರಿ, ಸೋಗೆ ಇಳಿಬಿದ್ದ ಕಬ್ಬಿನ ಟ್ರೇಲರನ್ನು ಗುರುತಿಸಲೇಬೇಕೆಂದಿಲ್ಲ.

ರಾತ್ರಿಯ ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕು. ಐಐಎಚ್‌ಎಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಾದಚಾರಿಗಳನ್ನು ಗುರುತಿಸುವ ತುರ್ತು ಬ್ರೇಕ್ ಒಟ್ಟಾರೆ ಅಂಥ ಡಿಕ್ಕಿಗಳನ್ನು ಶೇ 27ರಷ್ಟು ತಗ್ಗಿಸಿತು. ಬೀದಿದೀಪವಿಲ್ಲದ ಕತ್ತಲ ರಸ್ತೆಗಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. 2025ರ ಜನವರಿಯಲ್ಲಿ ಅದೇ ಸಂಸ್ಥೆ ಇನ್ನೊಂದು ಆತಂಕದ ಸಂಗತಿ ಹೊರಗಿಟ್ಟಿತು. ಪ್ರತಿಫಲಿಸುವ ಪಟ್ಟಿಯ ಉಡುಪು ತೊಟ್ಟ ಬೊಂಬೆಯನ್ನು ಪರೀಕ್ಷೆಗೆ ಒಳಪಟ್ಟ ಮೂರು ಕಾರುಗಳಲ್ಲಿ ಎರಡು ಸರಿಯಾಗಿ ಗುರುತಿಸದೆ ಗುದ್ದಿದವು. ಮನುಷ್ಯನ ಕಣ್ಣಿಗೆ ಹೊಳೆಯುವುದು ಗಣಕದ ಕಣ್ಣಿಗೆ ಮನುಷ್ಯನಾಗಿ ಉಳಿಯಲಿಲ್ಲ. ಸಂತೇಬೆನ್ನೂರಿನಿಂದ ಸವಳಂಗದವರೆಗೆ ಊರು ದಾಟಿದ ಕೂಡಲೇ ಕತ್ತಲೆಯೇ. ಆದ್ದರಿಂದ ಹಗಲಿನ ಪರೀಕ್ಷೆಯ ಅಂಕಗಳು ಈ ಸೀಮೆಗೆ ಅರ್ಧ ಉತ್ತರವನ್ನೂ ಕೊಡುವುದಿಲ್ಲ. ಪಥ ತಪ್ಪಿದ ಎಚ್ಚರಿಕೆಯ ಕಥೆ ಇನ್ನೂ ಸರಳ. ಅದು ನೋಡುವುದು ಬಿಳಿ ಗೆರೆಯನ್ನು. ಗೆರೆಯೇ ಇಲ್ಲದ, ಇದ್ದರೂ ಅಳಿಸಿಹೋದ ತಾಲ್ಲೂಕು ರಸ್ತೆಯಲ್ಲಿ ಆ ಸಾಧನಕ್ಕೆ ಕೆಲಸವಿಲ್ಲ. ಲೋಕೋಪಯೋಗಿ ಇಲಾಖೆ ಬಣ್ಣ ಬಳಿದರೆ ಯಂತ್ರಕ್ಕೂ ಮನುಷ್ಯನಿಗೂ ಒಟ್ಟಿಗೆ ಅನುಕೂಲ.

ದೇಶದಲ್ಲಿ ಪರೀಕ್ಷಾ ಸೌಲಭ್ಯಕ್ಕೆ ಕೊರತೆಯಿಲ್ಲ. ಇಂದೋರ್ ಬಳಿಯ ಪೀತಂಪುರದಲ್ಲಿ 11.3 ಕಿ.ಮೀ. ಉದ್ದದ ಅತಿವೇಗದ ಪಥ 2021ರಲ್ಲಿ ಉದ್ಘಾಟನೆಯಾಯಿತು. ಪುಣೆಯ ಎಆರ್‌ಎಐ, ಚೆನ್ನೈ ಬಳಿ ಒರಗಡಂನ ಕೇಂದ್ರ, ಮಾನೇಸರದ ಐಕ್ಯಾಟ್ ಕೂಡ ಇವೆ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಪರೀಕ್ಷಾ ಕಾರ್ಯಕ್ರಮ ಕಾರುಗಳಿಗೆ ನಕ್ಷತ್ರ ಕೊಡುತ್ತಿದೆ, ಆದರೆ ಆರಂಭದ ಪರೀಕ್ಷೆಗಳು ಕಾರಿನೊಳಗೆ ಕೂತವರ ರಕ್ಷಣೆಯನ್ನೇ ಮುಖ್ಯವಾಗಿ ಅಳೆದವು. ಸಂಶೋಧನೆಯೂ ನಡೆದಿದೆ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಸಿದ್ಧಪಡಿಸಿದ ಭಾರತೀಯ ಚಾಲನಾ ದತ್ತಾಂಶದಲ್ಲಿ ಹತ್ತು ಸಾವಿರ ಚಿತ್ರಗಳಿವೆ, ಆಟೊ, ಪ್ರಾಣಿ ಮುಂತಾದ 34 ವರ್ಗಗಳಿವೆ. ಡಾಂಬರು ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಗುತ್ತದೆ ಎಂಬ ನಮ್ಮ ರಸ್ತೆಯ ಅಸ್ಪಷ್ಟತೆಯನ್ನು ಗಂಭೀರವಾಗಿ ತೆಗೆದುಕೊಂಡ ಕೆಲಸ ಅದು, ಮೆಚ್ಚಬೇಕಾದದ್ದು. ಆದರೆ ಆ ಚಿತ್ರಗಳು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದವು. 2021ರಲ್ಲಿ ಆರಂಭವಾದ ಐರಾಸ್ತೆ ಯೋಜನೆ ಡಿಕ್ಕಿ ಎಚ್ಚರಿಕೆ ಸಾಧನವನ್ನು ಮೊದಲು ಅಳವಡಿಸಿ ನೋಡಿದ್ದು ನಾಗಪುರದ ನಗರ ಬಸ್ಸುಗಳಲ್ಲಿ. ದೇಶದ ರಸ್ತೆ ಸಾವುಗಳಲ್ಲಿ ಮೂರನೇ ಎರಡರಷ್ಟು ಗ್ರಾಮೀಣ ಭಾಗದಲ್ಲಿ ಆಗುತ್ತಿರುವಾಗ ಸಂಶೋಧನೆ ನಗರದ ಗಡಿಯಲ್ಲಿ ನಿಲ್ಲುವುದು ಸರಿಯಲ್ಲ.

ದಾವಣಗೆರೆ ಜಿಲ್ಲೆ ಇದಕ್ಕೆ ತಕ್ಕ ಜಾಗ. ಭದ್ರಾ ನಾಲೆಯ ನೀರಾವರಿ, ಅಡಿಕೆ ತೋಟ, ತುಂಗಭದ್ರೆಯ ದಂಡೆ, ಜಗಳೂರಿನ ಒಣಭೂಮಿ, ಪಕ್ಕದಲ್ಲೇ ಎರಡು ಮುಖ್ಯ ಹೆದ್ದಾರಿಗಳು ಎಲ್ಲವೂ ಒಂದು ಜಿಲ್ಲೆಯಲ್ಲಿ ಸಿಗುತ್ತವೆ, ಜಿಲ್ಲಾ ಕೇಂದ್ರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸುಗ್ಗಿಯ ಅವಧಿಯಲ್ಲಿ ಸಾರಿಗೆ ಸಂಸ್ಥೆಯ ಮತ್ತು ಖಾಸಗಿ ಬಸ್‌ಗಳಲ್ಲಿ ಸಾಧನ ಅಳವಡಿಸಿ, ಅದು ಎಲ್ಲಿ ಎಚ್ಚರಿಸಿತು, ಎಲ್ಲಿ ಸುಮ್ಮನಿತ್ತು, ಎಲ್ಲಿ ಸುಳ್ಳು ಎಚ್ಚರಿಕೆ ಕೊಟ್ಟಿತು ಎಂದು ದಾಖಲಿಸಬಹುದು. ಸುಳ್ಳು ಎಚ್ಚರಿಕೆಯ ಲೆಕ್ಕ ಅತಿ ಮುಖ್ಯ. ಹತ್ತಾರು ಸಲ ಸುಮ್ಮನೆ ಕೂಗಿದ ಸಾಧನದ ಸದ್ದನ್ನು ಚಾಲಕ ಕಿವಿಗೇ ಹಾಕಿಕೊಳ್ಳುವುದಿಲ್ಲ, ಅನುಕೂಲವಿದ್ದರೆ ಅದನ್ನು ಆರಿಸಿಬಿಡುತ್ತಾನೆ. ತುರ್ತು ಬ್ರೇಕ್‌ನ ನಿಜ ಪರೀಕ್ಷೆಯನ್ನು ಜನರಿರುವ ರಸ್ತೆಯಲ್ಲಿ ಮಾಡುವುದು ಅಪಾಯ. ರಸ್ತೆಯಲ್ಲಿ ಸಂಗ್ರಹಿಸಿದ ದತ್ತಾಂಶದಿಂದ ಕಬ್ಬಿನ ಟ್ರೇಲರ್, ತಾಡಪಾಲಿನ ರಾಶಿ, ಕುರಿ ಹಿಂಡು, ದೀಪವಿಲ್ಲದ ಬೈಕ್‌ಗಳ ಮಾದರಿ ಬೊಂಬೆಗಳನ್ನು ತಯಾರಿಸಿ ಮುಚ್ಚಿದ ಪಥದಲ್ಲಿ, ರಾತ್ರಿ ಹೊತ್ತು, ಕಾಳು ಹರಡಿದ ನೆಲದ ಮೇಲೂ ಪರೀಕ್ಷಿಸಬೇಕು. ಫಲಿತಾಂಶ ವಾಹನದ ಮಾದರಿಯ ಹೆಸರಿನೊಂದಿಗೆ ಸಾರ್ವಜನಿಕರಿಗೆ ಸಿಗಬೇಕು.

ಅಪಘಾತದ ದಾಖಲೆಗೂ ಇದೇ ಮಾತು. ಐಐಟಿ ಮದ್ರಾಸ್ ರೂಪಿಸಿದ ಐರ್‍ಯಾಡ್ ದತ್ತಾಂಶ ವ್ಯವಸ್ಥೆ ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡಿಕ್ಕಿಯಾದ ವಸ್ತು ಯಾವುದು, ಅದಕ್ಕೆ ದೀಪವಿತ್ತೇ, ರಸ್ತೆಯಲ್ಲಿ ಕಾಳಿತ್ತೇ ಎಂಬ ವಿವರಗಳು ತಾಲ್ಲೂಕುವಾರು ಪ್ರಕಟವಾದರೆ ಪರೀಕ್ಷೆಗೆ ಯಾವ ಗುರಿ ಇಡಬೇಕೆಂದು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಪದೇ ಪದೇ ಅಪಘಾತವಾಗುವ ಜಾಗವನ್ನು ‘ಕಪ್ಪುಚುಕ್ಕೆ’ ಎಂದು ಗುರುತಿಸುವ ಈಗಿನ ಲೆಕ್ಕ ರಾಷ್ಟ್ರೀಯ ಹೆದ್ದಾರಿಯ 500 ಮೀಟರ್ ತುಂಡಿನಲ್ಲಿ ಮೂರು ವರ್ಷಗಳಲ್ಲಿ ಐದು ತೀವ್ರ ಅಪಘಾತ ಅಥವಾ ಹತ್ತು ಸಾವನ್ನು ಕೇಳುತ್ತದೆ. ಒಂದೊಂದು ಊರಿನ ಬಳಿ ಒಬ್ಬೊಬ್ಬರಂತೆ ಸಾಯುವ ತಾಲ್ಲೂಕು ರಸ್ತೆಗಳು ಆ ಜಾಲರಿಯಲ್ಲಿ ಸಿಕ್ಕುವುದಿಲ್ಲ.

ಕೊನೆಗೆ ಹಳೆಯ ವಾಹನಗಳ ಪ್ರಶ್ನೆ. ಕರಡು ಅನ್ವಯಿಸುವುದು ಹೊಸದಾಗಿ ತಯಾರಾಗುವ ವಾಹನಗಳಿಗೆ ಮಾತ್ರ. ನ್ಯಾಮತಿ, ಜಗಳೂರಿನ ಮಾರ್ಗಗಳಿಗೆ ಹೊಸ ಬಸ್ಸು ಬರುವುದು ಕೊನೆಗೆ, ಬೇರೆ ಕಡೆ ಓಡಿ ದಣಿದವೇ ಇಲ್ಲಿಗೆ ಬರುತ್ತವೆ. ಹೀಗಾಗಿ ಯಂತ್ರದ ರಕ್ಷಣೆ ಇಲ್ಲಿಗೆ ತಲುಪಲು ಹಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಅಗ್ಗದ್ದು. ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತರಿಯಲ್ಲಿ ಕೆಲವೆಡೆ ಕಟ್ಟಿದ ಸಮುದಾಯ ಒಕ್ಕಣೆ ಕಣಗಳನ್ನು ಸುಗ್ಗಿಗೆ ಮೊದಲೇ ಊರೂರಿಗೂ ಒದಗಿಸಬೇಕು. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುನ್ನ ಪ್ರತಿ ಟ್ರೇಲರ್‌ಗೆ ಹಿಂಬದಿ ದೀಪ ಮತ್ತು ಪ್ರತಿಫಲಕ ಪಟ್ಟಿ ಹಾಕಿಸುವ ಹೊಣೆಯನ್ನು ಕಾರ್ಖಾನೆಗಳು ಹೊರಬೇಕು, ಅದಿಲ್ಲದ ಟ್ರೇಲರ್‌ನ ಕಬ್ಬನ್ನು ತೂಕದ ಸೇತುವೆಗೆ ಬಿಡಬಾರದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದೆ ಸಾವಿಗೆ ಕಾರಣವಾದ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಗೆರೆಯಿಲ್ಲದ ತಿರುವು, ಫಲಕವಿಲ್ಲದ ಹಂಪ್‌ಗಳ ಬಳಿ ಆಗುವ ಪ್ರತಿ ಸಾವಿನ ತನಿಖೆಯಲ್ಲೂ ಪೊಲೀಸರು ಚಾಲಕನ ತಪ್ಪಿನ ಜೊತೆಗೆ ಆ ಕಲಂ ಅನ್ವಯವಾಗುತ್ತದೆಯೇ ಎಂದು ಬರೆದು ದಾಖಲಿಸಬೇಕು.