ಮೆಲ್ಲಗೆ ಒತ್ತಿದರೆ ಮೆಲ್ಲಗೇ ನುಡೀಬೇಕು!

ಪಾರ್ಟಿ ಸೀನಿನಲ್ಲಿ ನಾಯಕ ಕೋಟು ತೊಟ್ಟು ಪಿಯಾನೋ ಮುಂದೆ ಕೂತ ಅಂದ್ರೆ ಮುಗೀತು... ನಾಯಕಿಗೆ ಬೇರೊಬ್ಬನ ಜೊತೆ ನಿಶ್ಚಿತಾರ್ಥ ಅಂತಲೇ ಲೆಕ್ಕ! ಹಾಡು ಮುಗಿಯೋವರೆಗೂ ಕ್ಯಾಮೆರಾ ಅವನ ಮುಖ ಬಿಟ್ಟು ಬೆರಳಿನ ಕಡೆ ಇಳಿಯೋದೇ ಕಮ್ಮಿ. ಇಳಿದರೆ ಗುಟ್ಟು ರಟ್ಟು!

ಆದರೆ ಮಿತ್ರರೇ, ಪಿಯಾನೋದ ಜೀವ ಇರೋದೇ ಬೆರಳಿನಲ್ಲಿ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಮಾಡಿದ ಈ ವಾದ್ಯದ ಮೊದಲ ಹೆಸರಿನಲ್ಲೇ 'ಪಿಯಾನೋ', 'ಫೋರ್ಟೆ' ಎಂಬ ಎರಡು ಮಾತಿದ್ದವು. ಅಂದರೆ 'ಮೆಲ್ಲಗೆ', 'ಜೋರಾಗಿ'. ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಎಷ್ಟೇ ಬಲ ಹಾಕಿದರೂ ಸದ್ದು ಹೆಚ್ಚು ಕಡಿಮೆ ಒಂದೇ. ಪಿಯಾನೋ ಸುತ್ತಿಗೆಯಿಂದ ತಂತಿ ಬಡಿಯಿತು, ಬೆರಳಿನ ಮನಸ್ಸು ಕೇಳಿಸಿತು.

ಈಗಿನ ಡಿಜಿಟಲ್ ಪಿಯಾನೋದಲ್ಲಿ ತಂತಿಯೇ ಇಲ್ಲ. ಮನೆ ಎಷ್ಟು ವೇಗವಾಗಿ ಕೆಳಗಿಳಿಯಿತು ಅಂತ ಸೆನ್ಸರ್ ಅಳೆಯುತ್ತೆ. 1983ರಲ್ಲಿ ಬಂದ 'ಮಿಡಿ' ಪದ್ಧತಿಯಲ್ಲಿ ಆ ವೇಗಕ್ಕೆ 1ರಿಂದ 127ರವರೆಗೆ ಅಂಕ. ಆ ಅಂಕಕ್ಕೆ ಎಷ್ಟು ಸದ್ದು ಅಂತ ತೀರ್ಮಾನಿಸೋದು 'ಟಚ್' ಸೆಟ್ಟಿಂಗ್. 'ಸಾಫ್ಟ್' ಇಟ್ಟರೆ ಹಗುರವಾಗಿ ಒತ್ತಿದರೂ ಜೋರು. 'ಹಾರ್ಡ್' ಇಟ್ಟರೆ ಬೆರಳು ಬೆವರಬೇಕು. 'ಫಿಕ್ಸೆಡ್' ಇಟ್ಟರೋ, ಸವರಿದರೂ ಗುದ್ದಿದರೂ ಒಂದೇ ಸದ್ದು!

ನನಗೆ ಪರಿಚಯದ ಆರ್ಕೆಸ್ಟ್ರಾ ಹುಡುಗನೊಬ್ಬ ಗಣೇಶನ ಸೀಸನ್ನಿನ ದುಡ್ಡೆಲ್ಲ ಸುರಿದು 88 ಮನೆಯ ಸೆಕೆಂಡ್‌ಹ್ಯಾಂಡ್ ಪಿಯಾನೋ ತಂದಿದ್ದ. "ಸತ್ತ ಪೀಸು ಅಣ್ಣ, ಭಾವನೇನೇ ಬರಲ್ಲ. ಅರ್ಧ ರೇಟಿಗೆ ಮಾರ್ಬಿಡ್ತೀನಿ" ಅಂದ. ನೋಡಿದರೆ ಹಿಂದಿನವನು ಟಚ್ಚನ್ನು 'ಫಿಕ್ಸೆಡ್' ಮಾಡಿಟ್ಟಿದ್ದ. 'ಮೀಡಿಯಂ'ಗೆ ತಂದು, "ಈಗ ನುಡಿಸು" ಅಂದೆ. ನುಡಿಸಿದ. ಮುಖ ಇನ್ನೂ ಸಣ್ಣದಾಯ್ತು. ಎಡಗೈ ಬಲಗೈಯನ್ನು ನುಂಗ್ತಿತ್ತು, ಕಿರುಬೆರಳಿನ ಸ್ವರ ಕೇಳ್ತಲೇ ಇರಲಿಲ್ಲ. "ಅಣ್ಣ, ಸತ್ತಿರೋದು ಪೀಸಲ್ಲ, ನನ್ನ ಕೈ!" ಅಂದ. ಅವನು ಪಿಯಾನೋ ಮಾರಲಿಲ್ಲ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಐದೇ ಸ್ವರಗಳನ್ನು ಮೆಲ್ಲಗಿನಿಂದ ಜೋರಿಗೆ, ಜೋರಿನಿಂದ ಮೆಲ್ಲಗೆ ತಿದ್ದುತ್ತಿದ್ದಾನೆ.

ಮಿಕ್ಕ ಬಟನ್‌ಗಳೂ ಹೀಗೇ, ಗೆಳೆಯನೂ ಹೌದು, ಮೋಸಗಾರನೂ ಹೌದು. 'ಟ್ರಾನ್ಸ್‌ಪೋಸ್' ನೋಡಿ. ಗಾಯಕಿ ಬಿಳಿ ಒಂದು ಬೇಡ, ಕಪ್ಪು ಎರಡು ಬೇಕು ಅಂದರೆ ಮೂರು ಸಲ ಒತ್ತಿ. ಅದೇ ಬೆರಳು, ಹೊಸ ಶ್ರುತಿ. ಆದರೆ ಮುಂದಿನ ಹಾಡಿಗೆ ಸೊನ್ನೆಗೆ ತರೋದು ಮರೆತರೆ ಗಾಯಕ ಒಂದು ಊರು, ನೀವೊಂದು ಊರು! ಕೆಲವು ಮಾಡೆಲ್‌ಗಳಲ್ಲಿ ಕರೆಂಟ್ ಹೋಗಿ ಬಂದರೆ ತಾನೇ ಸೊನ್ನೆಗೆ ಬರುತ್ತೆ. ಅದಕ್ಕೇ ಪ್ರತಿ ಹಾಡಿಗೂ ಮುಂಚೆ ಕಣ್ಣು ಆ ಅಂಕಿ ಮೇಲಿರಲಿ. ಕೊಳಲಿನವರಿಗೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ 'ಟ್ಯೂನಿಂಗ್' ಹಿಡೀರಿ. ಸಾಮಾನ್ಯವಾಗಿ ಅದು 440 ಹರ್ಟ್ಸ್‌ನಲ್ಲಿರುತ್ತೆ, ಸ್ವಲ್ಪ ಸ್ವಲ್ಪವೇ ಸರಿಸಬಹುದು. 'ರಿವರ್ಬ್' ಕೊಠಡಿಯ ಪ್ರತಿಧ್ವನಿ ಬೆರೆಸುತ್ತೆ. ಕಲ್ಯಾಣ ಮಂಟಪದಲ್ಲಿ ಪ್ರತಿಧ್ವನಿ ಮೊದಲೇ ಧಾರಾಳ, ಅಲ್ಲಿ ಇಳಿಸಿ. ಅಭ್ಯಾಸದಲ್ಲಂತೂ ಪೂರ್ತಿ ಆಫ್! ಅದು ತಪ್ಪುಗಳಿಗೆ ಹಚ್ಚೋ ಪೌಡರ್ರು ಸ್ವಾಮಿ.

ಸ್ಟೇಜಿನಲ್ಲಿ ಪೌಡರ್ ಬೇಕು, ಬೇಡ ಅನ್ನಲ್ಲ. ಮನೆಯಲ್ಲಿ ಮುಖ ತೊಳ್ಕೊಂಡು ಕನ್ನಡಿ ನೋಡ್ಕೊಳ್ಳೋದೇ ಒಳ್ಳೇದು. ಆದ್ದರಿಂದ ಮನೆಯಲ್ಲಿರೋ ಕೀಬೋರ್ಡ್ ಮಾರೋ ಮುಂಚೆ ಅದರ 'ಫಂಕ್ಷನ್' ಬಟನ್ ಒಮ್ಮೆ ಒತ್ತಿ ನೋಡಿ. ಟಚ್ ಎಲ್ಲಿದೆ ನೋಡಿ. ಆಮೇಲೂ ಸದ್ದು ಸತ್ತಂತಿದ್ದರೆ ಮಾರೋ ಮಾತಾಡೋಣ. ಏನಂತೀರಿ?