ಲೆಕ್ಕ ಬರೆಯುವವರಿಗೂ ಹಬ್ಬವುಂಟು

ಆಯುಧಪೂಜೆಯಂದು ತಕ್ಕಡಿ, ಲೇತ್ ಯಂತ್ರಗಳೊಡನೆ ಲೆಕ್ಕದ ಕಂಪ್ಯೂಟರಿಗೂ ಅರಿಶಿನ-ಕುಂಕುಮ ಹಚ್ಚಿ ವಿಶ್ರಾಂತಿ ನೀಡುವ ಪದ್ಧತಿ ವರ್ತಕರಲ್ಲಿದೆ. ಆದರೆ ನಾಲ್ಕಾರು ಸಂಸ್ಥೆಗಳ ಲೆಕ್ಕವನ್ನು ಬಿಡಿಯಾಗಿ ವಹಿಸಿಕೊಂಡು ಬರೆದುಕೊಡುವ ಸ್ವತಂತ್ರ ಲೆಕ್ಕಿಗರಿಗೆ ಆ ವಿಶ್ರಾಂತಿ ಅಪರೂಪ. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ನೌಕರರಿಗೆ ಹಬ್ಬದ ರಜೆಯನ್ನು 1963ರ ಕಾಯ್ದೆಯೇ ಒದಗಿಸಿದೆ. ಯಾರ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದ ಲೆಕ್ಕಿಗರ ರಜೆಯಾದರೋ ಕಕ್ಷಿದಾರರ ಸೌಜನ್ಯಕ್ಕೆ ಬಿಟ್ಟದ್ದು.

2025ರ ದೀಪಾವಳಿಯನ್ನೇ ನೋಡಬಹುದು. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ಅಕ್ಟೋಬರ್ 20ರಂದೇ ನರಕ ಚತುರ್ದಶಿ. ತ್ರೈಮಾಸಿಕ ವಿವರಪಟ್ಟಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ 22ರಂದು ಬಲಿಪಾಡ್ಯಮಿ. ಗಡುವನ್ನು 25ಕ್ಕೆ ವಿಸ್ತರಿಸಿದ ಅಧಿಸೂಚನೆಯ ದಿನಾಂಕ ಅಕ್ಟೋಬರ್ 18. ಅಷ್ಟರೊಳಗೆ ಊರಿನ ಬಸ್ಸಿನ ಟಿಕೆಟ್ ರದ್ದುಪಡಿಸಿದ್ದ ಲೆಕ್ಕಿಗರಿಗೆ ಅದರಿಂದಾದ ಪ್ರಯೋಜನವೇನು?

ಆದರೂ ದೋಷವೆಲ್ಲ ಪಂಚಾಂಗದ್ದಲ್ಲ. ಖರೀದಿ ಬಿಲ್ಲುಗಳನ್ನು 17ರ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳುಹಿಸುವ ಅಭ್ಯಾಸವೇ ಮುಖ್ಯ ತೊಡಕು. ಹಬ್ಬದ ವ್ಯಾಪಾರದ ಭರದಲ್ಲಿ ವರ್ತಕರಿಗೆ ಬಿಡುವಿಲ್ಲವೆಂಬುದು ಸತ್ಯ. ಆದರೆ 11ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1ಕ್ಕೆಂದು ಮಾರಾಟದ ಬಿಲ್ಲುಗಳನ್ನು ಮಾಸಿಕ ವರ್ತಕರು ಹೇಗಿದ್ದರೂ ಕೊಡಲೇಬೇಕು. ಖರೀದಿಯವನ್ನೂ ಅವುಗಳೊಡನೆಯೇ ಕೊಟ್ಟರೆ, 14ರಂದು ದೊರೆಯುವ ಜಿಎಸ್‌ಟಿಆರ್-2ಬಿಯೊಡನೆ ತಾಳೆ ನೋಡುವುದಷ್ಟೇ ಉಳಿಯುತ್ತದೆ. ಖರೀದಿ ಪುಸ್ತಕ ಸಿದ್ಧವಿದ್ದಲ್ಲಿ ಸಣ್ಣ ಸಂಸ್ಥೆಯ ಮಟ್ಟಿಗೆ ಅದು ಒಂದು ದಿನದ ಕೆಲಸ. ಅವಸರದಲ್ಲಿ ಒಂದು ಬಿಲ್ಲು ಬಿಟ್ಟುಹೋದರೆ ಆ ತಿಂಗಳ ಹೂಡುವಳಿ ತೆರಿಗೆ ಜಮೆಯೂ ಅಷ್ಟು ಕಡಿಮೆಯಾಗುತ್ತದೆ. ಗಡುವು ಮೀರಿದರಂತೂ ತೆರಿಗೆ ಬಾಕಿಯಿರುವ ವರ್ತಕರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಮೇಲೆ ವಾರ್ಷಿಕ ಶೇ. 18ರ ಬಡ್ಡಿ.

ಲೆಕ್ಕಿಗರೂ ನಿರ್ದೋಷಿಗಳಲ್ಲ. ಬಂದವರಿಗೆಲ್ಲ ಒಪ್ಪಿಕೊಂಡು, ಕಡೆಗೆ ಹಬ್ಬದ ಮುನ್ನಾದಿನ ದೂರವಾಣಿಯನ್ನು ಎತ್ತದಿರುವುದು ವೃತ್ತಿಗೆ ಶೋಭೆ ತರುವುದಿಲ್ಲ. ಯಾವ ದಿನಗಳಲ್ಲಿ ತಾವು ಸಿಗಲಾರೆವೆಂಬುದನ್ನು ಗಣೇಶ ಚತುರ್ಥಿಯ ಹೊತ್ತಿಗೇ ಬರವಣಿಗೆಯಲ್ಲಿ ತಿಳಿಸಿದರೆ ಬೇಸರಪಡುವ ವರ್ತಕರು ವಿರಳ.

ಅವರು ಈ ಮಾತನ್ನು ಆಡಲು ಹಿಂಜರಿಯುವುದಕ್ಕೆ ಬಾಕಿ ಹಣವೂ ಒಂದು ಕಾರಣ. ಮೂರು ತಿಂಗಳ ಸಂಭಾವನೆ ಬರಬೇಕಿರುವಾಗ ರಜೆ ಕೇಳಲು ಬಾಯಿ ಬಾರದು. ತಮ್ಮ ಸರಕಿನ ಹಣ ಬರಲಿಲ್ಲವೆಂದು 2006ರ ಎಂಎಸ್‌ಎಂಇಡಿ ಕಾಯ್ದೆಯನ್ನು ಉಲ್ಲೇಖಿಸುವ ಸಣ್ಣ ಉದ್ಯಮಿಗಳು, ಉದ್ಯಮ್ ನೋಂದಣಿ ಪಡೆದ ಲೆಕ್ಕಿಗರೂ ಅದೇ ಕಾಯ್ದೆಯ ರಕ್ಷಣೆಗೆ ಅರ್ಹರೆಂಬುದನ್ನು ಮರೆಯುತ್ತಾರೆ. ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲವಾದರೆ 15 ದಿನ. ದೀಪಾವಳಿಯ ಸಿಹಿಯ ಪೊಟ್ಟಣದೊಡನೆ ಬಾಕಿಯ ಚೆಕ್ಕೂ ಹೋದರೆ, ಮುಂದಿನ ತಿಂಗಳ ಬಿಲ್ಲುಗಳನ್ನು 5ರೊಳಗೇ ಕಳುಹಿಸಿರೆಂದು ಆ ಲೆಕ್ಕಿಗರು ಅಳುಕಿಲ್ಲದೆ ಕೇಳಬಲ್ಲರು.