ದಿನಾರ್ ಎಣಿಸುವ ಮೊದಲು ಒಂದು ಪ್ರಶ್ನೆ: ಈ ಜಾಲತಾಣ ಅಳೆಯೋದು ಏನನ್ನು?

ಕುವೈತ್‌ನಿಂದ ಮಾತಾಡ್ತಾ ಇದ್ದೀವಿ. ನಮ್ಮ ವೃತ್ತಿ ಜೀವವಿಜ್ಞಾನದ ಸಂಶೋಧನೆ, ಆದರೆ ಇವತ್ತಿನ ವಿಷಯ ಜೀವಕೋಶ ಅಲ್ಲ. ಕೀಬೋರ್ಡ್ ಪರೀಕ್ಷೆ ಮಾಡೋ, ಫೋನ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸೋ ಉಚಿತ ಜಾಲತಾಣಗಳು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಇವು ಒಳ್ಳೆಯ ಉಪಕರಣಗಳು. ಹವಲ್ಲಿಯ ಕಂಪ್ಯೂಟರ್ ಅಂಗಡಿ ಸಾಲಿಗೆ ಹೋಗೋ ಮೊದಲು ಎಲ್ಲರೂ ಬಳಸಬೇಕು. ಆದರೆ ಪ್ರಯೋಗಾಲಯದಲ್ಲಿ ಯಾವ ಉಪಕರಣ ಮುಟ್ಟಿದರೂ ನಾವು ಕೇಳೋ ಮೊದಲ ಪ್ರಶ್ನೆ ಒಂದಿದೆ: ಇದು ಏನನ್ನು ಅಳೆಯುತ್ತೆ, ಏನನ್ನು ಅಳೆಯಲ್ಲ? ಆ ಪ್ರಶ್ನೆ ಇಲ್ಲೂ ಬೇಕು. ಕೇಳದಿದ್ದರೆ, ಊರಿಗೆ ಕಳಿಸಬೇಕಾದ ದುಡ್ಡು ಅಂಗಡಿಯ ಪಾಲು.

ಕೀಬೋರ್ಡ್‌ನಿಂದ ಶುರು ಮಾಡೋಣ. ಪರೀಕ್ಷೆಯ ಪುಟ ತೆರೆದು ಒಂದೊಂದೇ ಕೀ ಒತ್ತಿದರೆ, ಪರದೆ ಮೇಲಿನ ಚಿತ್ರದಲ್ಲಿ ಅದೇ ಕೀ ಬಣ್ಣ ಬದಲಿಸುತ್ತೆ. ಅಂದರೆ ಒತ್ತಿದ ಸುದ್ದಿ ಬ್ರೌಸರ್ ತನಕ ಬಂತು ಅಂತ ಅರ್ಥ. ಈ ಪುಟ ಅಳೆಯೋದು ಇಷ್ಟೇ, ಆದರೆ ಇಷ್ಟೇ ಎಷ್ಟೋ ಸಲ ಸಾಕು.

ಇಲ್ಲಿ ಕೊಳ್ಳೋ ಲ್ಯಾಪ್‌ಟಾಪ್‌ಗಳಲ್ಲಿ ಇಂಗ್ಲಿಷ್ ಜೊತೆ ಅರಬ್ಬಿ ಅಕ್ಷರಗಳೂ ಇರ್ತವೆ. ವಿಂಡೋಸ್‌ನಲ್ಲಿ ಎಡಗಡೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಕೈತಪ್ಪಿ ಒತ್ತಿದರೆ ಭಾಷೆ ಬದಲಾಗಬಹುದು. ಆಗ 'ಬಿ' ಒತ್ತಿದರೆ ಅರಬ್ಬಿಯ 'ಲಾ' ಮೂಡುತ್ತೆ. ಕೀಬೋರ್ಡ್ ಕೆಟ್ಟುಹೋಯ್ತು ಅನ್ನಿಸೋದು ಸಹಜ. ಕನ್ನಡದಲ್ಲೂ ಇದೇ ಕಥೆ. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದ ಕೈ 'ಜೆ' ಒತ್ತಿ 'ಜ' ಬರಲಿ ಅಂತ ಕಾಯುತ್ತೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀ 'ರ' ಕೊಡುತ್ತೆ. ಪರೀಕ್ಷೆಯ ಪುಟದಲ್ಲಿ ಸರಿಯಾದ ಜಾಗ ಬೆಳಗಿದರೆ ಕೀ ಆರೋಗ್ಯವಾಗಿದೆ. ಬದಲಿಸಬೇಕಾದ್ದು ಸೆಟ್ಟಿಂಗ್, ಅದಕ್ಕೆ ಒಂದು ಫಿಲ್ಸ್ ಕೂಡ ಖರ್ಚಿಲ್ಲ.

ಬೆಳಗದೇ ಇದ್ದರೆ? ಕೀಗಳ ಕೆಳಗೆ ಅಡ್ಡ ಸಾಲು, ಉದ್ದ ಸಾಲುಗಳ ಒಂದು ವಿದ್ಯುತ್ ಜಾಲ ಇರುತ್ತೆ. ಒಂದೇ ಕೀ ಸತ್ತಿದ್ದರೆ ಮೊದಲ ಅನುಮಾನ ಧೂಳಿನ ಮೇಲೆ. ಇಲ್ಲಿಯ ಧೂಳಿನ ಬಿರುಗಾಳಿ ಮುಚ್ಚಿದ ಕಿಟಕಿಯನ್ನೂ ಬಿಡಲ್ಲ. ಹಲವು ಕೀ ಒಟ್ಟಿಗೆ ಸತ್ತಿದ್ದರೆ ಜಾಲದ ಒಂದು ಸಾಲೋ, ಒಳಗಿನ ಪಟ್ಟಿ ಕೇಬಲ್ಲೋ ಹೋಗಿರಬಹುದು. ಖಚಿತ ಮಾಡ್ಕೊಳ್ಳೋಕೆ ಬೇರೆ ಯುಎಸ್‌ಬಿ ಕೀಬೋರ್ಡ್ ಒಂದನ್ನು ಎರವಲು ತಂದು ಸಿಕ್ಕಿಸಿ. ಅದು ಸರಿಯಾಗಿ ನಡೆದರೆ ದೋಷ ಲ್ಯಾಪ್‌ಟಾಪಿನ ಕೀಬೋರ್ಡ್ ಕಡೆಯದು. ಅದರಲ್ಲೂ ಅದೇ ತೊಂದರೆ ಬಂದರೆ ಸಾಫ್ಟ್‌ವೇರ್ ಕಡೆ ನೋಡಬೇಕು. ನಾವು ಜೀವವಿಜ್ಞಾನಿಗಳು ಇದನ್ನೇ 'ಕಂಟ್ರೋಲ್' ಅಂತೀವಿ. ಎಫ್‌ಎನ್ ಕೀ ಬೆಳಗಲಿಲ್ಲ ಅಂತ ಗಾಬರಿ ಬೇಡ, ಅದರ ಸುದ್ದಿ ಸಾಮಾನ್ಯವಾಗಿ ಬ್ರೌಸರ್‌ಗೆ ಹೋಗೋದೇ ಇಲ್ಲ. ಇನ್ನೊಂದು ಮಾತು: ಪರೀಕ್ಷೆಯ ನೆಪದಲ್ಲಿ ಅಲ್ಲಿ ನಿಮ್ಮ ಪಾಸ್‌ವರ್ಡ್ ಮಾತ್ರ ಟೈಪ್ ಮಾಡಬೇಡಿ.

ಈಗ ಫೋನ್. ಜಿಎಸ್‌ಎಂ ಅರೇನಾದಂಥ ತಾಣದಲ್ಲಿ ಎರಡು ಫೋನ್ ಪಕ್ಕಪಕ್ಕ ಇಟ್ಟರೆ ಕಣ್ಣು ನೇರ ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ ಹೋಗುತ್ತೆ. ಊರಿಗೆ ಕಳಿಸೋ ಫೋನ್ ಆದರೆ ಮೊದಲು ನೆಟ್‌ವರ್ಕ್ ಸಾಲು ಓದಿ. ಜಿಯೋದ 5ಜಿ ಸ್ಟ್ಯಾಂಡ್‌ಅಲೋನ್ ಬಗೆಯದು. ಅದು ಬಳಸೋ ಬ್ಯಾಂಡ್‌ಗಳಲ್ಲಿ ಎನ್78 ಮತ್ತು 700 ಮೆಗಾಹರ್ಟ್ಸ್‌ನ ಎನ್28 ಇವೆ. ಕಡಿಮೆ ಆವರ್ತನದ ಅಲೆ ಹೆಚ್ಚು ದೂರ ಹೋಗುತ್ತೆ, ಗೋಡೆ ದಾಟುತ್ತೆ. ಹಾಗಾಗಿ ಟವರ್ ದೂರ ಇರೋ ಹಳ್ಳಿಗೆ ಎನ್28 ಮುಖ್ಯ. ಸಿಮ್ ಸಾಲನ್ನೂ ಬಿಡಬೇಡಿ. 2025ರ ಐಫೋನ್ 17ರ ಕುವೈತ್ ಮಾದರಿಯಲ್ಲಿ ಸಿಮ್ ಕಾರ್ಡ್ ಹಾಕೋ ಜಾಗವೇ ಇಲ್ಲ, ಬರೀ ಇ-ಸಿಮ್. ಭಾರತದಲ್ಲಿ ಮಾರೋ ಐಫೋನ್ 17ರಲ್ಲಿ ಆ ಜಾಗ ಇದೆ. ಹೆಸರು ಒಂದೇ, ಫೋನ್ ಬೇರೆ. ಊರಲ್ಲಿ ಅಮ್ಮ ಹಳೇ ಸಿಮ್ ಕೈಯಲ್ಲಿ ಹಿಡಿದು ಎಲ್ಲಿ ಹಾಕೋದು ಅಂತ ಹುಡುಕೋ ಹಾಗೆ ಆಗಬಾರದು. ಅದಕ್ಕೆ ಪೆಟ್ಟಿಗೆ ಮೇಲಿನ ಮಾದರಿ ಸಂಖ್ಯೆಯನ್ನೇ ಹುಡುಕಿ, ಹೆಸರನ್ನಲ್ಲ.

ಪಟ್ಟಿ ಹೇಳದೇ ಇರೋದೂ ಇದೆ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜೂನ್‌ನಿಂದ ಆಗಸ್ಟ್ ಕೊನೆ ತನಕ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಆದರೆ ಡ್ಯಾಶ್‌ಬೋರ್ಡ್ ಮೇಲಿನ ಫೋನ್‌ಗೆ ಯಾವ ರಜೆ? ಐಫೋನ್ ಬಳಸೋಕೆ ಆಪಲ್ ಹೇಳೋ ವಾತಾವರಣದ ಮಿತಿ 35 ಡಿಗ್ರಿ. ಬಿಸಿ ಏರಿದಷ್ಟೂ ಬ್ಯಾಟರಿ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗ್ತವೆ. ಪಟ್ಟಿಯಲ್ಲಿ ಓದಿದ 5000 ಎಂಎಎಚ್ ಹೊಸ ಬ್ಯಾಟರಿಯ ಅಳತೆ, ಇಲ್ಲಿಯ ಎರಡು ಬೇಸಿಗೆ ಕಂಡ ಬ್ಯಾಟರಿಯದ್ದಲ್ಲ. ಐಪಿ68 ಕೂಡ ಹಾಗೇ. 6 ಅಂದರೆ ಧೂಳು ಒಳಗೆ ಹೋಗಲ್ಲ, 8 ಅಂದರೆ ನೀರಲ್ಲಿ ಮುಳುಗಿದರೂ ತಡೆಯುತ್ತೆ. ಆದರೆ ಪರೀಕ್ಷೆ ನಡೆಯೋದು ಸಿಹಿನೀರಿನಲ್ಲಿ. ಸಾಲ್ಮಿಯಾದ ಸಮುದ್ರಕ್ಕೆ ಆ ಅಂಕಿ ಜಾಮೀನು ನಿಲ್ಲಲ್ಲ.

ಇದನ್ನೆಲ್ಲ ಯಾಕೆ ಹೇಳ್ತೀವಿ ಅಂದ್ರೆ, ಮನೆಯವರನ್ನು ಬಿಟ್ಟು ಬಂದು ಇಲ್ಲಿ ದುಡಿಯೋ ಎಷ್ಟೋ ಜನಕ್ಕೆ ಫೋನ್ ಒಂದೇ ಮನೆ. ಹೊಸದು ಕೊಳ್ಳೋ ನಿರ್ಧಾರ ಅವರಿಗೆ ಸಣ್ಣದಲ್ಲ. ಆ ಉಚಿತ ಪುಟಗಳು ಇಂಗ್ಲಿಷ್‌ನಲ್ಲಿವೆ. ಓದೋಕೆ ಬರೋ ನಾವು ನೀವು ಪಕ್ಕದ ರೂಮಿನವರಿಗೆ ಹತ್ತು ನಿಮಿಷ ಓದಿ ಹೇಳಿದರೆ, ಅವರ ಒಂದು ತಿಂಗಳ ಉಳಿತಾಯ ಉಳಿದೀತು. ಈ ಶುಕ್ರವಾರ ಒಬ್ಬರಿಗಾದರೂ ಹೇಳಿ ನೋಡಿ.